ಸೈಡ್ ಕೊಡದ ಸಿದರಾಯನ ಸೈಕಲ್

ನಾನು ಒಂದು ಸೈಕಲ್. ಹೀಗೆಂದ ಕೂಡಲೇ ಮುಂದೆ ಬುಟ್ಟಿ, ಹಿಂದೆ ಕ್ಯಾರಿಯರ್, ಪಕ್ಕದಲ್ಲಿ ಸ್ಟ್ಯಾಂಡ್ ಇರುವ ಸಾಧು ಪ್ರಾಣಿಯೊಂದು ನಿಮ್ಮ ಕಣ್ಣ ಮುಂದೆ ಬಂದಿದ್ದರೆ ದಯವಿಟ್ಟು ಅದನ್ನು ಆಚೆ ಸರಿಸಿ. ನಾನು ರೇಸಿನ ಸೈಕಲ್. ನನಗೆ ಬೆಲ್ ಇಲ್ಲ, ಮಡ್‌ಗಾರ್ಡ್ ಇಲ್ಲ, ಸ್ಟ್ಯಾಂಡೂ ಇಲ್ಲ. ಗೋಡೆಗೆ ಒರಗುವುದು, ಇಲ್ಲವೇ ಓಡುವುದು, ನನಗೆ ಗೊತ್ತಿದ್ದದ್ದು ಇವೆರಡೇ. ಸ್ವಲ್ಪ ಜಂಬದ ಜಾತಿ ಎಂದು ನಿಮಗೆ ಅನಿಸಿದರೆ ನನಗೇನೂ ಬೇಸರವಿಲ್ಲ.

ನಾನು ಹುಟ್ಟಿದ್ದು ವಿಜಯಪುರದಲ್ಲಿ. ಆಗಿನ್ನೂ ಬಸ್ಸಿನ ಬೋರ್ಡುಗಳ ಮೇಲೆ ಬಿಜಾಪುರ ಎಂದೇ ಇತ್ತು. ನಮ್ಮ ಕಡೆಯ ಹುಡುಗರಿಗೆ ಸೈಕಲ್ ರೇಸಿನ ಹುಚ್ಚು ಮೊದಲಿನಿಂದಲೂ ಇದೆ. ನೆಲ ಸಪಾಟು, ರಸ್ತೆ ನೇರ, ಅಡ್ಡ ಬರುವುದು ಗಾಳಿಯೊಂದೇ. ದಸ್ತಗೀರ್ ಮಿಸ್ತ್ರಿ ತನ್ನ ಅಂಗಡಿಯ ಹಿಂಬದಿಯಲ್ಲಿ ಕುಳಿತು ಉಕ್ಕಿನ ಕೊಳವೆಗಳನ್ನು ಹಿತ್ತಾಳೆಯಿಂದ ಬೆಸೆದು ನನಗೆ ಮೈ ಕೊಟ್ಟ. ಬೆಸುಗೆ ಆರಿದ ಮೇಲೆ ಉಗುರಿನಿಂದ ಬಾರಿಸಿ, ಕಿವಿ ಹತ್ತಿರ ತಂದು ಕೇಳಿದ. "ಛಲೋ ದನಿ ಐತಿ" ಎಂದ. ನನ್ನ ಬಗ್ಗೆ ಈ ಲೋಕ ಆಡಿದ ಮೊದಲ ಮಾತು ಅದು. ಇಂದಿಗೂ ನೆನೆಸಿಕೊಂಡರೆ ಹಿತವಾಗುತ್ತದೆ. ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ ಕೂಡಿಸಿ, ನೀಲಿ ಬಣ್ಣ ಬಳಿದ. ಅದು ಯಾರದೋ ನೀರಿನ ಪಂಪಿಗೆ ತಂದು ಮಿಕ್ಕಿದ್ದ ಬಣ್ಣ ಎಂಬುದು ನನಗೆ ಆಮೇಲೆ ತಿಳಿಯಿತು.

ನನ್ನ ಮೊದಲ ಧಣಿ ಯಲ್ಲಾಲಿಂಗ. ಕ್ರೀಡಾ ಹಾಸ್ಟೆಲಿನ ಹುಡುಗ. ನಮ್ಮಂಥವರು ಮನುಷ್ಯರನ್ನು ಕೆಳಗಿನಿಂದಲೇ ನೋಡುವುದು. ಮುಖ ನಮಗೆ ಕೊನೆಗೆ ಕಾಣುತ್ತದೆ. ಮೊದಲು ಗೊತ್ತಾಗುವುದು ಮೊಣಕಾಲು, ಅಂಗೈ, ಮೇಲಿನಿಂದ ತೊಟ್ಟಿಕ್ಕುವ ಬೆವರು. ಯಲ್ಲಾಲಿಂಗನ ಮೊಣಕಾಲುಗಳು ಎಣ್ಣೆ ಹಾಕಿದ ಯಂತ್ರದಂತೆ ಆಡುತ್ತಿದ್ದವು. ಗಾಳಿಯ ವಿದ್ಯೆ ನಾನು ಕಲಿತದ್ದು ಅವನಿಂದ.

ಆ ವಿದ್ಯೆ ಏನೆಂದು ಹೇಳದಿದ್ದರೆ ಮುಂದಿನ ಕಥೆ ನಿಮಗೆ ರುಚಿಸುವುದಿಲ್ಲ. ಎದುರುಗಾಳಿ ಇದ್ದಾಗ ರೇಸಿನವರು ಒಬ್ಬರ ಹಿಂದೊಬ್ಬರು ಸಾಲಾಗಿ, ಗಾಲಿಗೆ ಗಾಲಿ ತಾಕಿಯೇಬಿಟ್ಟಿತು ಎನ್ನುವಷ್ಟು ಹತ್ತಿರ ಹೋಗುತ್ತಾರೆ. ಎಲ್ಲರಿಗಿಂತ ಮುಂದಿರುವವನು ಗಾಳಿಯನ್ನೆಲ್ಲ ತನ್ನ ಎದೆಯ ಮೇಲೆ ತೆಗೆದುಕೊಳ್ಳುತ್ತಾನೆ. ಹಿಂದಿನವರು ಅವನ ಮರೆಯಲ್ಲಿ ಆರಾಮಾಗಿ ಬರುತ್ತಾರೆ. ಮುಂದಿನವನಿಗೆ ದಣಿವಾದಾಗ ಬಾಯಿ ಬಿಟ್ಟು ಹೇಳುವುದಿಲ್ಲ, ಬಲ ಮೊಣಕೈಯನ್ನು ಒಮ್ಮೆ ಹೊರಕ್ಕೆ ಅಲುಗಿಸುತ್ತಾನೆ. ನನ್ನ ಪಾಳಿ ಮುಗಿಯಿತು, ಇನ್ನು ನೀನು ಬಾ ಎಂದು ಅದರ ಅರ್ಥ. ಹಿಂದಿನವನು ಬಲಗಡೆಯಿಂದ ಮುಂದೆ ಬರುತ್ತಾನೆ, ಮುಂದಿದ್ದವನು ಸಾಲಿನ ಬಾಲಕ್ಕೆ ಹೋಗಿ ದಣಿವಾರಿಸಿಕೊಳ್ಳುತ್ತಾನೆ. ಹೀಗೆ ಪಾಳಿ ತಿರುಗುತ್ತ ಇರುತ್ತದೆ. ಯಲ್ಲಾಲಿಂಗ ಗೆಲ್ಲುವ ಹುಡುಗ. ಅವನ ಕಾಲದಲ್ಲಿ ನಾನು ಬೇರೆ ಸೈಕಲ್ಲಿನ ಹಿಂದಿನ ಗಾಲಿ ನೋಡಿದ್ದೇ ಅಪರೂಪ, ಹಾಗಾಗಿ ಮುಂದೆ ಇರುವುದೇ ನನ್ನ ಹುಟ್ಟುಗುಣ ಎಂದು ತಿಳಿದುಬಿಟ್ಟೆ.

ಅವನಿಗೆ ರೈಲ್ವೆಯಲ್ಲಿ ಕೆಲಸ ಸಿಕ್ಕಿತು, ಜೊತೆಗೆ ಹೊಸ ಸೈಕಲ್ಲೂ ಸಿಕ್ಕಿತು. ನನ್ನನ್ನು ಹಾಲು ಹಾಕುವ ಮಾಳಪ್ಪನಿಗೆ ಕೊಟ್ಟು ಹೋದ. ಹೋಗುವಾಗ ನನ್ನ ಸೀಟಿನ ಮೇಲೆ ಎರಡು ಸಲ ತಟ್ಟಿದ, ಮೂರನೆಯ ಸಲ ತಟ್ಟಲು ಕೈ ಎತ್ತಿ ಹಾಗೇ ನಿಂತ. ನನಗೆ ಅಳು ಬಂದಿತ್ತು. ಮಾಳಪ್ಪ ಮೊದಲು ಮಾಡಿದ ಕೆಲಸವೆಂದರೆ ನನ್ನ ಕೊಂಬು ತೆಗೆಸಿದ್ದು. ನೆಟ್ಟಗಿನ ಹ್ಯಾಂಡಲ್ ಬಂತು, ಕ್ಯಾರಿಯರ್ ಬಂತು, ಎರಡೂ ಕಡೆ ಕ್ಯಾನು ನೇತಾಡಿದವು. ನನ್ನ ಮಾನ ಮೂರು ಕಾಸಿಗೆ ಹೋಯಿತು ಎಂದುಕೊಂಡೆ. ಆದರೆ ಮಾಳಪ್ಪ ಒಳ್ಳೆಯವನು. ಗಾಳಿ ಬರಲಿ, ಬಿಸಿಲು ಬರಲಿ, ಅವನದು ಒಂದೇ ನಡೆ. ಯಾರು ದಾಟಿ ಹೋದರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅರವತ್ತರ ಹತ್ತಿರ ಬಂದಿದ್ದರೂ ಅವನ ಹೊಟ್ಟೆ ಬೆನ್ನಿಗೆ ಅಂಟಿತ್ತು.

ಕೊನೆಗೆ ಅವನ ಮನೆಗೂ ಮೋಟಾರ್ ಸೈಕಲ್ ಬಂತು. ನಾನು ಎಮ್ಮೆ ಕೊಟ್ಟಿಗೆಯ ಹಿಂದೆ ಸೇರಿದೆ. ಕೋಳಿಗಳು ನನ್ನ ಮೇಲೆ ಮಲಗುವ ಅಭ್ಯಾಸ ಮಾಡಿಕೊಂಡವು. ರೇಸಿನ ಸೈಕಲ್ಲಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೆ? ಆದರೂ ಬೆಳಗಿನ ಚಳಿಯಲ್ಲಿ ಅವುಗಳ ಮೈಬಿಸಿ ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಅಲ್ಲಿಂದ ನನ್ನನ್ನು ಎಬ್ಬಿಸಿದವನು ಸಿದರಾಯ. ಸರ್ಕಾರಿ ಬಸ್ಸಿನ ಚಾಲಕ, ವಿಜಯಪುರದಿಂದ ಸೊಲ್ಲಾಪುರಕ್ಕೆ ದಿನದ ಓಡಾಟ. ಐವತ್ತು ದಾಟಿದ್ದ. ಡಿಪೋದಲ್ಲಿ ಅವನನ್ನು 'ಸೈಡ್ ಕೊಡದ ಸಿದರಾಯ' ಎಂದು ಕರೆಯುತ್ತಿದ್ದರಂತೆ. ಹಿಂದಿನ ಗಾಡಿ ಎಷ್ಟು ಹಾರ್ನ್ ಬಾರಿಸಿದರೂ ಅವನ ಕೈ ಕಿಟಕಿಯಿಂದ ಹೊರಬಂದು ಮುಂದೆ ಹೋಗು ಎಂದು ಬೀಸಿದ್ದಿಲ್ಲ. ಹಾಗೆಂದು ಜೋರಾಗಿ ಓಡಿಸುವವನೂ ಅಲ್ಲ. ಒಟ್ಟಿನಲ್ಲಿ ಮುಂದೆ ತಾನಿರಬೇಕು, ಅಷ್ಟೇ. ಕೂತು ಕೂತು ಹೊಟ್ಟೆ ಎಷ್ಟು ಬಂದಿತ್ತೆಂದರೆ ಅವನು ಸ್ಟೇರಿಂಗನ್ನು ಹೊಟ್ಟೆಯಿಂದಲೇ ತಿರುಗಿಸುತ್ತಾನೆ ಎಂದು ಕಂಡಕ್ಟರುಗಳು ನಗುತ್ತಿದ್ದರು. ವರ್ಷದ ತಪಾಸಣೆಯಲ್ಲಿ ಡಾಕ್ಟರು ಸಕ್ಕರೆ ಕಾಯಿಲೆ ಎಂದರು, ಮೈ ಬಗ್ಗಿಸದಿದ್ದರೆ ಬಸ್ಸು ಬಿಡಬೇಕಾಗುತ್ತದೆ ಎಂದೂ ಹೇಳಿದರು.

ಸಿದರಾಯನ ಹೆಂಡತಿ ದಾನಮ್ಮ ಇದನ್ನು ಹಾಲು ತಂದ ಮಾಳಪ್ಪನ ಮುಂದೆ ಹೇಳಿಕೊಂಡಳು. "ಒಂದು ಸೈಕಲ್ಲೈತಿ ನೋಡವ್ವ ನಮ್ಮಲ್ಲಿ" ಎಂದ ಮಾಳಪ್ಪ. "ಕೋಳಿ ಕುಂತಾವು. ಎಬ್ಬಿಸಿ ಒಯ್ಯಂತ ಹೇಳು."

ಸಿದರಾಯ ನನ್ನನ್ನು ತಳ್ಳಿಕೊಂಡು ದಸ್ತಗೀರ್ ಮಿಸ್ತ್ರಿಯ ಅಂಗಡಿಗೆ ಬಂದ. ಮಿಸ್ತ್ರಿಯ ಗಡ್ಡ ಬೆಳ್ಳಗಾಗಿತ್ತು. ನನ್ನ ಮೇಲಿನ ಧೂಳು ಒರೆಸಿ, ಉಗುರಿನಿಂದ ಬಾರಿಸಿ ಕೇಳಿದವನೇ, "ಏ, ಇದು ನಮ್ಮ ಕೂಸು" ಎಂದ. ನನಗೆ ಮತ್ತೆ ಕೊಂಬು ಬಂತು.

ಮೊದಲ ದಿನ ಸಿದರಾಯ ಮೇಲೆ ಕೂತಾಗ ನನ್ನ ಟೈರುಗಳು ಉಸ್ಸೆಂದವು. ಗೋಳಗುಮ್ಮಟದ ತನಕ ಹೋಗಿ ಬರುವಷ್ಟರಲ್ಲಿ ಅವನ ಜೀವ ಬಾಯಿಗೆ ಬಂದಿತ್ತು. ಮನೆಯ ಮುಂದೆ ಇಳಿದವನು ಕಟ್ಟೆಯ ಮೇಲೆ ಅಂಗಾತ ಮಲಗಿಬಿಟ್ಟ. ನಾಳೆ ಬರುವುದಿಲ್ಲ ಎಂದುಕೊಂಡೆ. ಮರುದಿನ ನಸುಕಿನಲ್ಲೇ ಬಂದ. ಅದರ ಮರುದಿನವೂ ಬಂದ. ಹಟಮಾರಿಗಳಿಗೆ ಇದೊಂದು ಅನುಕೂಲ, ಒಳ್ಳೆಯದಕ್ಕೂ ಹಟ ಹಿಡಿಯುತ್ತಾರೆ. ವರ್ಷ ಕಳೆಯುವಷ್ಟರಲ್ಲಿ ದಾನಮ್ಮ ಅವನ ಪ್ಯಾಂಟುಗಳ ಸೊಂಟವನ್ನು ಎರಡೆರಡು ಸಲ ಹಿಡಿದು ಹೊಲಿದಿದ್ದಳು. ಅವನ ಮೊಣಕಾಲುಗಳ ಗೊಣಗಾಟ ನಿಂತಿತು. ಉಸಿರು ಉದ್ದವಾಯಿತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು, ನನ್ನ ಮೇಲೆ ಕೂತೇ ಮನೆಗೆ ಬಂದ. ಹಾರ ನನ್ನ ಕೊಂಬಿಗೆ ಹಾಕಿದ. ನನಗೆ ಅವನ ಮೇಲೆ ಪ್ರೀತಿ ಹುಟ್ಟಿದ್ದು ಆ ದಿನ.

ಊರಿನಲ್ಲಿ ಅವನಂಥ ನರೆತ ತಲೆಗಳದ್ದೊಂದು ಗುಂಪಿತ್ತು. ಚನಬಸು ಮಾಸ್ತರ ಎಂಬ ನಿವೃತ್ತ ಮೇಷ್ಟ್ರು ಅದರ ಹಿರಿಯರು. ಕಾರಹುಣ್ಣಿಮೆಗೆ ಎತ್ತುಗಳನ್ನು ಓಡಿಸುತ್ತಾರಲ್ಲ, ಅದಾದ ಮೇಲೆ ಬರುವ ಭಾನುವಾರ ಇವರ ಓಟ. ಎತ್ತಿನ ಓಟ ಮುಗಿಯಿತು, ಇನ್ನು ಮುದಿ ಎತ್ತಿನ ಓಟ ಎಂದು ಊರವರು ನಗುತ್ತಿದ್ದರು. ವಿಜಯಪುರದಿಂದ ಹೊರಟು ಕೊಲ್ಹಾರದ ಕೃಷ್ಣಾ ಸೇತುವೆಯ ತನಕ ಹೋಗುವುದು, ಸೇತುವೆಯ ಹತ್ತಿರ ಬುತ್ತಿ ಬಿಚ್ಚುವುದು, ತಿರುಗಿ ಬರುವುದು. ಬುತ್ತಿ ಹೊತ್ತ ಟೆಂಪೋ ಒಂದು ಹಿಂದೆ ಬರುತ್ತದೆ, ಸೋತವರೂ ಅದರಲ್ಲೇ. ಕಪ್ಪು, ಪದಕ ಏನೂ ಇಲ್ಲ. ಆದರೆ ಒಂದು ರೂಢಿ ಇತ್ತು. ದಾರಿಯಲ್ಲಿ ಯಾರು ಮುಂದೆ ನಿಂತು ಹೆಚ್ಚು ಗಾಳಿ ತೆಗೆದುಕೊಂಡರೋ ಅವರ ಕೈಗೆ ಮಾಸ್ತರರು ಮೊದಲ ಶೇಂಗಾ ಹೋಳಿಗೆ ಇಡುತ್ತಿದ್ದರು. ಪೂರ್ತಿ ದಾರಿ ಬರೀ ಮರೆಯಲ್ಲಿ ಬಂದವನನ್ನು ಬಾಲಂಗೋಚಿ ಎಂದು ಮುಂದಿನ ಕಾರಹುಣ್ಣಿಮೆಯವರೆಗೂ ಕಾಡುತ್ತಿದ್ದರು.

ಸಿದರಾಯನಿಗೆ ಇದಕ್ಕಿಂತ ಬೇರೆ ಬೇಕೆ? ಮುಂದೆ ಹೋಗಿ ನಿಂತನೆಂದರೆ ನಿಂತ. ಮೊಣಕೈ ಅಲುಗಿಸುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಹಿಂದಿನವರು "ಸಿದರಾಯಪ್ಪಾ, ಪಾಳಿ ಬಿಡೋ" ಎಂದು ಕೂಗಿದರೆ ಇನ್ನೂ ಜೋರಾಗಿ ತುಳಿಯುತ್ತಿದ್ದ. ವರ್ಷವರ್ಷವೂ ಮೊದಲ ಹೋಳಿಗೆ ಅವನದೇ. ಅವನ ತಪ್ಪು ನನಗೆ ಗೊತ್ತಾಗಲಿಲ್ಲವೇ ಎಂದು ಕೇಳುತ್ತೀರಿ. ಹೇಗೆ ಗೊತ್ತಾಗಬೇಕು? ನನಗೂ ಅದೇ ಬೇಕಿತ್ತು.

ಅವನಿಗೆ ಅರವತ್ಮೂರಾದ ವರ್ಷ ಗಾಳಿ ವಿಪರೀತವಿತ್ತು. ದಾರಿಯ ನಡುವಿನ ಮುಳವಾಡ ದಾಟಿದ ಮೇಲೆ ಅವನ ಅಂಗೈ ತಣ್ಣಗಾದದ್ದು ನನಗೆ ತಿಳಿಯಿತು. ಬೆವರು ಬೇರೆ ಥರ ಬೀಳತೊಡಗಿತು. ಹಿಡಿತ ಸಡಿಲಾಯಿತು. ನಾವಿಬ್ಬರೂ ರಸ್ತೆ ಬಿಟ್ಟು ಜಾಲಿ ಕಂಟಿಯೊಳಗೆ ಬಿದ್ದೆವು. ಅವನನ್ನು ಟೆಂಪೋದಲ್ಲಿ ಆಸ್ಪತ್ರೆಗೆ ಒಯ್ದರು. ನನ್ನನ್ನು ಅದೇ ಟೆಂಪೋದ ಮೇಲೆ ಕಟ್ಟಿದ್ದರು. ಕೆಳಗೆ ಅವನು ಉಸಿರಾಡುತ್ತಿದ್ದಾನೋ ಇಲ್ಲವೋ ತಿಳಿಯದೆ ದಾರಿಯುದ್ದಕ್ಕೂ ನನ್ನ ಮುಂದಿನ ಗಾಲಿ ಸುಮ್ಮನೆ ತಿರುಗುತ್ತಿತ್ತು.

ಹೃದಯದ ಒಂದು ನಾಳ ಕಟ್ಟಿಕೊಂಡಿತ್ತಂತೆ. ತೆರೆದು, ಒಳಗೆ ಸಣ್ಣ ಸ್ಪ್ರಿಂಗು ಕೂಡಿಸಿದರಂತೆ. ಇದೆಲ್ಲ ನನಗೆ ಗೊತ್ತಾದದ್ದು ದಾನಮ್ಮ ದಸ್ತಗೀರ್ ಮಿಸ್ತ್ರಿಯ ಮುಂದೆ ಹೇಳುವಾಗ. ಆ ವರ್ಷದ ಮೊದಲ ಹೋಳಿಗೆಯನ್ನು ಮಾಸ್ತರರು ಆಸ್ಪತ್ರೆಗೇ ತಂದಿದ್ದರು. ದಾನಮ್ಮ ಅದನ್ನು ಗಂಡನಿಗೆ ಮುಟ್ಟಗೊಡಲಿಲ್ಲ. ಅವರೆದುರಿಗೇ ತಾನು ತಿಂದು ಕೈ ತೊಳೆದುಕೊಂಡಳು. ಮಾಸ್ತರರು ತಲೆ ತಗ್ಗಿಸಿ ಕೂತಿದ್ದರಂತೆ.

ಡಾಕ್ಟರು ಸೈಕಲ್ ಬಿಡು ಎನ್ನಲಿಲ್ಲ. ಇಷ್ಟು ವರ್ಷ ತುಳಿದದ್ದಕ್ಕೇ ನೀನು ಉಳಿದದ್ದು, ಇನ್ನೂ ತುಳಿ ಎಂದರು. ಆದರೆ ಗಾಳಿಗೆ ಎದೆ ಕೊಡಬೇಡ, ಹಿಂದೆ ಇರು. ತುಳಿಯುತ್ತ ಮಾತಾಡಲು ಆಗುವಷ್ಟೇ ತುಳಿ, ಮಾತು ನಿಂತರೆ ನೀನೂ ನಿಧಾನ ಮಾಡು ಎಂದರು. ಅಷ್ಟು ಸುಲಭದ ಮಾತು. ಸಿದರಾಯನಿಗೆ ಅದು ಗಂಟಲಲ್ಲಿ ಇಳಿಯಲಿಲ್ಲ.

"ಬಾಲ ಹಿಡದು ಹೋಗೂದಕ್ಕಿಂತ ಮನ್ಯಾಗ ಕುಂಡ್ರೂದು ಛಲೋ" ಎಂದ. ಕುಳಿತೂ ಬಿಟ್ಟ.

ಆ ದಿನಗಳನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ. ನಾನು ಪಡಸಾಲೆಯ ಗೋಡೆಗೆ ಒರಗಿದ್ದೆ, ಅವನು ಎದುರಿನ ಕಟ್ಟೆಗೆ. ಗುಂಪಿನವರು ಬೆಳಿಗ್ಗೆ ಬಾಗಿಲ ಮುಂದೆ ಬಂದು ಕರೆದರೆ ಒಳಗೆ ಎದ್ದು ಹೋಗುತ್ತಿದ್ದ. ಹೊಟ್ಟೆ ಮತ್ತೆ ಬಂತು. ಸಕ್ಕರೆ ಏರಿತು. ಎರಡು ಮೆಟ್ಟಿಲು ಹತ್ತಿದರೆ ಏದುಸಿರು. ಮೂಗಿನ ತುದಿಯಲ್ಲೇ ಸಿಟ್ಟು. ಕಾಯಿಲೆ ಅವನನ್ನು ಬಿಟ್ಟರೂ ಈ ಕಟ್ಟೆ ಬಿಡುವುದಿಲ್ಲ ಎಂದು ದಾನಮ್ಮ ಹೆದರಿದ್ದಳು. ನನಗೂ ಅದೇ ಹೆದರಿಕೆ.

ಒಂದು ಬೆಳಿಗ್ಗೆ ದಾನಮ್ಮ ಚೂಡಿದಾರ ಹಾಕಿಕೊಂಡು, ದಸ್ತಗೀರ್ ಮಿಸ್ತ್ರಿಯ ಅಂಗಡಿಯಿಂದ ತಂದ ಹಳೆಯ ಲೇಡೀಸ್ ಸೈಕಲ್ಲೊಂದನ್ನು ತಳ್ಳಿಕೊಂಡು ಹೊರಗೆ ಹೋದಳು. ಆಕೆಗೆ ಆಗ ಐವತ್ತಾರು. ಹುಟ್ಟಿದಾಗಿನಿಂದ ಸೈಕಲ್ ಮುಟ್ಟಿದವಳಲ್ಲ. ಬಿಸಿಲೇರುವ ಹೊತ್ತಿಗೆ ಅಂಗೈ ತರಚಿಸಿಕೊಂಡು ಬಂದಳು. ರೊಟ್ಟಿ ಬಡಿಯಲು ಕೂತಳು. ಮರುದಿನ ಮೊಣಕಾಲು ತರಚಿತ್ತು. ಮೂರನೆಯ ದಿನ ಸಿದರಾಯನಿಗೆ ತಡೆಯಲಾಗಲಿಲ್ಲ.

"ಯಾವಾಗಿಂದ ಈ ಹುಚ್ಚು?"

"ನೀವು ಕಟ್ಟಿ ಮ್ಯಾಲ ಕುಂತಾಗಿಂದ. ಮನ್ಯಾಗ ಒಬ್ಬರರ ಗಾಳಿಗಿ ಹೋಗಬೇಕಲ್ಲ."

"ಬ್ರೇಕ್ ಹಂಗ ಗಪ್ಪಂತ ಹಿಡೀಬಾರದು. ಅದಕ್ಕ ಬೀಳಾಕತ್ತಿ."

"ಮತ್ತ ಹೆಂಗ ಹಿಡೀಬೇಕು, ಬಂದು ತೋರಸ್ರಿ."

ಅವನು ನನ್ನ ಕಡೆ ನೋಡಿದ. ಆಮೇಲೆ ಗಾಳಿ ಹೊಡೆಯುವ ಪಂಪು ಹುಡುಕಿದ. ನನ್ನ ಟೈರುಗಳೊಳಗೆ ಗಾಳಿ ಇಳಿಯುತ್ತಿದ್ದಾಗ ನನಗಾದ ಸಂತೋಷವನ್ನು ಹೇಳಲಾರೆ.

ಬ್ರೇಕ್ ಹಿಡಿಯುವುದು, ತಿರುವಿನಲ್ಲಿ ವಾಲುವುದು, ಮುಂದಿನವರ ಗಾಲಿ ನೋಡದೆ ಸೊಂಟ ನೋಡುವುದು, ಎಲ್ಲ ಹೇಳಿಕೊಟ್ಟ. ಅವಳಿಗೆ ಗಾಳಿ ತಾಗದಿರಲೆಂದು ತಾನು ಮುಂದೆ, ನಡಿಗೆಗಿಂತ ತುಸು ಜೋರಾಗಿ. ಅವಳು ಹಿಂದಿನಿಂದ ಡಾಕ್ಟರ ಮಾತಿನ ಕಾವಲು ಕಾಯುತ್ತಿದ್ದಳು. ಅವನ ಉಸಿರು ಎಷ್ಟಿದೆ ಎಂದು ನೋಡಬೇಕಾದಾಗ, "ಸೊಲ್ಲಾಪುರದ ಸ್ಟಾಪು ಹೇಳ್ರಿ" ಎನ್ನುವಳು. ಅವನು ತನ್ನ ಹಳೆಯ ಬಸ್ಸಿನ ದಾರಿ ಒಪ್ಪಿಸುತ್ತಿದ್ದ. "ತಿಡಗುಂದಿ, ಹೊರ್ತಿ, ಝಳಕಿ, ಧೂಳಖೇಡ, ಟಾಕಳಿ, ಮಂದ್ರೂಪ, ಸೊಲ್ಲಾಪುರ." ಎಲ್ಲಿಯೂ ತಡೆಯದೆ ಸೊಲ್ಲಾಪುರ ಬಂದರೆ ಎದೆ ಸರಿಯಿದೆ ಎಂದು ಲೆಕ್ಕ. ನಡುವೆ ಎಲ್ಲೋ ಉಸಿರು ಸಿಕ್ಕಿಕೊಂಡರೆ ಅವಳು ತಾನೇ ದಣಿದವಳಂತೆ, "ನಿಂದರ್ರಿ, ನನಗ ಆಗವಲ್ದು" ಎನ್ನುತ್ತಿದ್ದಳು. ಅವಳಿಗೆ ದಣಿವಾಗಿರುತ್ತಿರಲಿಲ್ಲ ಎಂಬುದು ನನಗೆ ಗೊತ್ತಿತ್ತು.

ಮೊಣಕೈಯ ಸನ್ನೆಯನ್ನೂ ಹೇಳಿಕೊಟ್ಟ.

"ನೀವು ಎಂದರ ಮಾಡೀರೇನು ಇದನ್ನ?" ಎಂದು ಕೇಳಿದಳು ದಾನಮ್ಮ.

"ನನಗ ಎಂದೂ ದಣಿವಾಗಿಲ್ಲ" ಎಂದ ಸಿದರಾಯ. ಅವಳು ಜಾಲಿ ಕಂಟಿಯ ಮಾತು ತೆಗೆಯಲಿಲ್ಲ.

ಎರಡು ವರ್ಷಗಳಲ್ಲಿ ದಾನಮ್ಮ ಬೇರೆಯೇ ಆದಳು. ಜೀವಮಾನವೆಲ್ಲ ರೊಟ್ಟಿ ಬಡಿದ ಭುಜಗಳು, ನೀರು ಹೊತ್ತ ಸೊಂಟ. ಆ ಶಕ್ತಿಯೆಲ್ಲ ಒಂದು ಸೈಕಲ್ಲಿಗಾಗಿ ಕಾದು ಕೂತಿತ್ತೇನೋ. ಮೊಣಕಾಲು ನೋವು ಎಂದು ಹಚ್ಚುತ್ತಿದ್ದ ಎಣ್ಣೆಯ ಬಾಟಲಿ ಗೂಡಿನಲ್ಲಿ ಹಾಗೇ ಉಳಿಯಿತು. ದಸ್ತಗೀರ್ ಮಿಸ್ತ್ರಿ ಅವಳಿಗಾಗಿ ಕೆಂಪು ಬಣ್ಣದ ರೇಸಿನ ಸೈಕಲ್ ಬೆಸೆದುಕೊಟ್ಟ. ಒಂದೇ ಕೈಯಲ್ಲಿ ಹುಟ್ಟಿದ ನನ್ನ ತಂಗಿ ಅದು. ಸ್ವಲ್ಪ ಜಂಬ ಅದಕ್ಕೂ ಇತ್ತು.

ಸಿದರಾಯನಿಗೆ ಅರವತ್ತೇಳಾದ ವರ್ಷ ಇಬ್ಬರೂ ಕೊಲ್ಹಾರದ ಓಟಕ್ಕೆ ಹೊರಟರು. ಹಿಂದೆಯೇ ಇರುತ್ತೇನೆ ಎಂದು ಡಾಕ್ಟರಿಗೂ, ದೇವರ ಮುಂದೆ ದಾನಮ್ಮನಿಗೂ ಮಾತು ಕೊಟ್ಟಿದ್ದ. ಮುಳವಾಡದ ತನಕ ಉಳಿಸಿಕೊಂಡ. ಅಲ್ಲಿ ಗಾಳಿ ಎದ್ದು, ಸಾಲು ಒಡೆದು, ಮಾಸ್ತರರೂ ಸೇರಿ ನಾವು ನಾಲ್ಕೈದು ಜನ ಹಿಂದೆ ಬಿದ್ದೆವು. ದಾನಮ್ಮನಿಗೆ ಗಾಳಿಯ ಮರೆ ಕೊಡಬೇಕು ಎಂಬ ನೆಪ ಸಿಕ್ಕಿದ್ದೇ ತಡ, ಸಿದರಾಯ ಮುಂದೆ ಬಂದ. ಅವಳು ತಡೆಯಲಿಲ್ಲ. ಹಿಂದಿನ ಗಾಲಿಗೆ ಅಂಟಿಕೊಂಡು ಬಂದಳು.

ಆ ಹೊತ್ತಿಗೆ ನನ್ನ ಪೆಡಲಿನ ಹತ್ತಿರದ ಸಂದಿಯಲ್ಲಿ ಕಿಟ್ ಕಿಟ್ ಎಂಬ ಸದ್ದು ಶುರುವಾಗಿ ಒಂದು ತಿಂಗಳಾಗಿತ್ತು. ಯಾರಿಗೂ ಕೇಳಿಸದ ಹಾಗೆ ಅಡಗಿಸಿಕೊಂಡಿದ್ದೆ. ಅವತ್ತು ಅಡಗಲಿಲ್ಲ. ಅವನು ತುಳಿದಂತೆಲ್ಲ ನಾನು ನರಳಿದೆ. ಜಾಲಿ ಕಂಟಿಗಳು ಕಂಡವು. ಅದೇ ಜಾಗ. ಅವನ ಅಂಗೈ ತಣ್ಣಗಾಗುತ್ತಿತ್ತು. ನನಗೆ ಮೊದಲ ಸಲ ಮುಂದೆ ಇರುವುದು ಬೇಡವೆನಿಸಿತು. ನನಗೆ ಬೇಕಾಗಿದ್ದವನು ಅವನು, ಮುಂದಿನ ಜಾಗವಲ್ಲ.

ಹಿಂದಿನಿಂದ ದಾನಮ್ಮನ ದನಿ ಬಂತು. "ಸೊಲ್ಲಾಪುರದ ಸ್ಟಾಪು ಹೇಳ್ರಿ."

"ತಿಡಗುಂದಿ" ಎಂದ. "ಹೊರ್ತಿ." ಬಹಳ ಹೊತ್ತಾದ ಮೇಲೆ, "ಝಳಕಿ."

ಮುಂದಿನದು ಬರಲಿಲ್ಲ. ಅವಳು ಅವಸರ ಮಾಡಲಿಲ್ಲ, ನಿಲ್ಲಿಸಿ ಎನ್ನಲಿಲ್ಲ, ತನಗೆ ದಣಿವು ಎಂಬ ಹಳೆಯ ಸುಳ್ಳನ್ನೂ ಹೇಳಲಿಲ್ಲ. ಗಾಳಿಯ ಸದ್ದು, ನನ್ನ ಕಿಟ್ ಕಿಟ್ ಸದ್ದು, ಅಷ್ಟೇ ಕೇಳುತ್ತಿತ್ತು.

ಆಗ ಸಿದರಾಯನ ಬಲ ಮೊಣಕೈ ಅಲುಗಿತು. ನೊಣ ಓಡಿಸಿದಷ್ಟು ಸಣ್ಣಗೆ. ಜೀವಮಾನದಲ್ಲಿ ಯಾರಿಗೂ ಸೈಡ್ ಕೊಡದ ಕೈ ಅದು.

ದಾನಮ್ಮ ಬಲಗಡೆಯಿಂದ ಬಂದಳು. ದಾಟುವಾಗ ಅವನ ಕಡೆ ನೋಡಲಿಲ್ಲ. ನೋಡಿದ್ದರೆ ಅವನಿಗೆ ನಾಚಿಕೆಯಾಗುತ್ತಿತ್ತು, ಅವಳಿಗೂ ಕಣ್ಣು ತುಂಬಿ ದಾರಿ ಕಾಣುತ್ತಿರಲಿಲ್ಲ. ಅವಳ ಕೆಂಪು ಸೈಕಲ್ಲಿನ ಹಿಂದಿನ ಗಾಲಿ ನನ್ನ ಮುಂದೆ ಬಂದು ಕೂತಿತು. ಗಾಳಿ ಥಟ್ಟನೆ ನಿಂತಿತು. ನಿಜವಾಗಿ ನಿಂತಿರಲಿಲ್ಲ, ಅವಳು ತೆಗೆದುಕೊಳ್ಳುತ್ತಿದ್ದಳು. ಇಷ್ಟು ವರ್ಷ ನಮ್ಮ ಹಿಂದೆ ಬಂದವರಿಗೆ ಸಿಗುತ್ತಿದ್ದ ಸುಖ ಇದೇ ಎಂದು ನನಗೆ ಆಗ ಗೊತ್ತಾಯಿತು. ಅದರಲ್ಲಿ ಅವಮಾನ ಎಲ್ಲಿದೆ ಎಂದು ಹುಡುಕಿದೆ, ಸಿಗಲಿಲ್ಲ. ಅವನ ಅಂಗೈ ಮೆಲ್ಲಗೆ ಬೆಚ್ಚಗಾಯಿತು. ಒಂದು ಹಳ್ಳಿ ದಾಟಿದ ಮೇಲೆ, ಯಾರೂ ಕೇಳದೆಯೇ, ಅವನು ಬಿಟ್ಟಲ್ಲಿಂದ ಹಿಡಿದ.

"ಧೂಳಖೇಡ" ಎಂದ. "ಟಾಕಳಿ. ಮಂದ್ರೂಪ."

"ಸೊಲ್ಲಾಪುರ" ಎಂದಳು ಮುಂದಿನಿಂದ ದಾನಮ್ಮ.

ಅಲ್ಲಿಂದ ಮುಂದೆ ಹಿಂದಿನವರೆಲ್ಲರ ಗಾಳಿಯನ್ನೂ ಅವಳೇ ತೆಗೆದುಕೊಂಡಳು. ಸೇತುವೆಯ ಹತ್ತಿರ ಮಾಸ್ತರರು ಮೊದಲ ಹೋಳಿಗೆಯನ್ನು ದಾನಮ್ಮನ ಕೈಗಿಟ್ಟರು. ಸಿದರಾಯ ಕೈ ಚಾಚಿ ಅರ್ಧ ಕೇಳಿದ. "ಸಕ್ಕರಿ ಐತಿ ನಿಮಗ" ಎಂದು ಅವಳು ಕಿರುಬೆರಳಿನಷ್ಟು ಮುರಿದು ಕೊಟ್ಟಳು. ಗುಂಪಿನಲ್ಲಿ ಯಾರೋ ಬಾಲಂಗೋಚಿ ಎಂದರು. ಸಿದರಾಯ ಎಲ್ಲರಿಗಿಂತ ಜೋರಾಗಿ ನಕ್ಕ.

ನನ್ನ ಸಂದಿ ಬಿರುಕು ಬಿಟ್ಟಿದ್ದನ್ನು ಮರುದಿನ ದಸ್ತಗೀರ್ ಮಿಸ್ತ್ರಿ ಪತ್ತೆ ಮಾಡಿದ. ಉಗುರಿನಿಂದ ಬಾರಿಸಿದ. ದನಿ ಒಡೆದಿತ್ತು. ಬೆಸೆಯಬಹುದು, ಆದರೆ ಮೇಲೆ ಕೂತು ಓಡಿಸುವಂತಿಲ್ಲ ಎಂದ. ಗುಜರಿಗೆ ಹಾಕುತ್ತಾರೆ ಎಂದುಕೊಂಡೆ. ಸಿದರಾಯ ನನ್ನನ್ನು ಮನೆಗೆ ತಂದು, ಒರೆಸಿ, ಪಡಸಾಲೆಯ ಗೋಡೆಗೆ ಗಟ್ಟಿ ಮೊಳೆ ಹೊಡೆದು ತೂಗುಹಾಕಿದ. ಕಿಟ್ ಕಿಟ್ ಎಂದದ್ದು ಸೋಲಲ್ಲ, ಅದು ನನ್ನ ಮೊಣಕೈ ಸನ್ನೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೇನೆ. ಅವನಿಗೀಗ ಹೊಸ ಸೈಕಲ್ ಬಂದಿದೆ. ಅದೂ ಮಿಸ್ತ್ರಿಯದೇ ಕೂಸು. ಅದಕ್ಕಿನ್ನೂ ತಿಳಿವಳಿಕೆ ಸಾಲದು, ಕಲಿಯುತ್ತದೆ.

ಅವನಿಗೆ ಎಪ್ಪತ್ತು ದಾಟಿದೆ. ದಿನಾ ಬೆಳಿಗ್ಗೆ ಇಬ್ಬರೂ ಹೊರಡುತ್ತಾರೆ. ನಮ್ಮ ಮನೆಯ ಗೇಟು ಸಣ್ಣದು, ಒಂದು ಸಲಕ್ಕೆ ಒಂದೇ ಸೈಕಲ್ ಹೋಗುತ್ತದೆ. ಸಿದರಾಯ ಗೇಟಿನ ಹತ್ತಿರ ನಿಂತು ಮೊಣಕೈ ಅಲುಗಿಸುತ್ತಾನೆ, ದಾನಮ್ಮ ಮುಂದೆ ಹೋಗುತ್ತಾಳೆ. ಹಿಂದೆಯೇ ಅವನ ದನಿ ಓಣಿಯಲ್ಲಿ ಕೇಳುತ್ತದೆ. ತಿಡಗುಂದಿ, ಹೊರ್ತಿ, ಝಳಕಿ. ನಾನು ಗೋಡೆಯ ಮೇಲಿಂದ ಕಿವಿಗೊಟ್ಟು ಕಾಯುತ್ತೇನೆ. ಓಣಿಯ ತಿರುವಿನಲ್ಲಿ, ಬಹಳ ಸಣ್ಣಗೆ, ಸೊಲ್ಲಾಪುರ ಬರುತ್ತದೆ. ಆಮೇಲೆ ನಾನು ನೆಮ್ಮದಿಯಿಂದ ನಿದ್ದೆ ಮಾಡುತ್ತೇನೆ.